ಕೆ ರೇಖೆಯ ತಳದ ಮಿನುಗು: ಚುರುಕು ವರ್ಣಗೋಳದ ನಕ್ಷತ್ರಗಳನ್ನು ಹಿಡಿಯಲು ಒಂದು ನೇರಳೆ ರೋಹಿತದರ್ಶಕ

ಸೂರ್ಯನ ರೋಹಿತದಲ್ಲಿ ನೇರಳೆಯ ಅಂಚಿನತ್ತ ಸರಿದರೆ 3968.5 ಮತ್ತು 3933.7 ಆಂಗ್‌ಸ್ಟ್ರಾಂಗಳಲ್ಲಿ (ಆಂಗ್‌ಸ್ಟ್ರಾಂ ಎಂದರೆ ನ್ಯಾನೊಮೀಟರಿನ ಹತ್ತನೇ ಒಂದು ಪಾಲು) ಎರಡು ಅಗಲವಾದ ಕಪ್ಪು ಕಂದಕಗಳು ಸಿಗುತ್ತವೆ. ಅಯಾನೀಕೃತ ಕ್ಯಾಲ್ಸಿಯಂನ ಎಚ್ ಮತ್ತು ಕೆ ರೇಖೆಗಳಿವು. ಸುಮ್ಮನಿರುವ ನಕ್ಷತ್ರದಲ್ಲಿ ಕಂದಕದ ತಳ ಕತ್ತಲಾಗಿಯೇ ಇರುತ್ತದೆ. ಕಾಂತಕ್ಷೇತ್ರದ ಕಾಟದಿಂದ ವರ್ಣಗೋಳ (ಹೊಳೆಯುವ ಮೇಲ್ಮೈಯ ಮೇಲಿನ ತೆಳು ಅನಿಲ ಪದರ) ಕಾದಿರುವ ನಕ್ಷತ್ರದಲ್ಲಿ ಅದೇ ತಳದ ನಟ್ಟನಡುವೆ ಒಂದು ಸಣ್ಣ ಗೋಪುರ ಏಳುತ್ತದೆ. ಎಬರ್‌ಹಾರ್ಡ್ ಮತ್ತು ಶ್ವಾರ್ಜ್‌ಶಿಲ್ಡ್ ಇದನ್ನು 1913ರಲ್ಲೇ ಬರೆದಿಟ್ಟರು. ಖಗೋಳಜ್ಞ ಓಲಿನ್ ವಿಲ್ಸನ್ 1966ರಿಂದ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ವರ್ಷಗಟ್ಟಲೆ ಅಳೆದು, ಸೂರ್ಯನಂತೆ ಇತರ ನಕ್ಷತ್ರಗಳಿಗೂ ಕಲೆಗಳ ಆವರ್ತ ಇದೆ ಎಂದು ತೋರಿಸಿದರು. ಆ ಗೋಪುರದ ಎತ್ತರ ಬಿಟ್ಟು ಅಗಲವನ್ನಷ್ಟೇ ಅಳೆದರೆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ ಎಂದು 1957ರಲ್ಲಿ ಅವರೊಂದಿಗೆ ತೋರಿಸಿದವರು ವೇಣು ಬಾಪು. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಕಟ್ಟಿದವರೂ ಅವರೇ. ಅದನ್ನೂ, ಇದೇ ಕೆ ರೇಖೆಯಲ್ಲಿ ಸೂರ್ಯನನ್ನು 20ನೇ ಶತಮಾನದ ಮೊದಲ ದಶಕದಿಂದ ಚಿತ್ರಿಸುತ್ತ ಬಂದ ಕೊಡೈಕೆನಾಲ್ ವೀಕ್ಷಣಾಲಯವನ್ನೂ ಇಂದು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

ಈ ಗೋಪುರವನ್ನು 200 ಮಿಮೀ ದೂರದರ್ಶಕ ಮತ್ತು 3ಡಿ ಪ್ರಿಂಟ್ ಮಾಡಿದ ಪೆಟ್ಟಿಗೆಯಿಂದ ಮನೆಯ ತಾರಸಿಯಲ್ಲೇ ಹಿಡಿಯಬಹುದು. ರೆಸಲ್ಯೂಶನ್ ಸಾಲದೆ ಕೆಲಸ ಕೆಡುವುದು ಅಪರೂಪ. ಕೆಡಿಸುವುದು ಬೇಡದ ಬೆಳಕು. ಅಳೆಯುತ್ತಿರುವುದು ಕತ್ತಲ ತಳವನ್ನು. ಅಲ್ಲಿಗೆ ಒಂದು ಹನಿ ಕೆಂಪು ಬೆಳಕು ಸೋರಿದರೂ ಸುಮ್ಮನಿರುವ ನಕ್ಷತ್ರ ಚುರುಕಾದಂತೆ ಕಾಣುತ್ತದೆ. ಕೆಳಗಿನ ಬಹುಪಾಲು ವಿವರ ಆ ಸೋರಿಕೆಯ ಬಗ್ಗೆಯೇ.

ಭಾಗಗಳು ಮತ್ತು ಲೆಕ್ಕ

ದೂರದರ್ಶಕ 200 ಮಿಮೀ ಎಫ್/5 ನ್ಯೂಟೋನಿಯನ್, ನಾಭಿದೂರ 1000 ಮಿಮೀ. ಕನ್ನಡಿಯದ್ದೇ ಬೇಕು. ಮಸೂರದ ದೂರದರ್ಶಕದಲ್ಲಿ ಹಸಿರು ಬೆಳಕು ಚುಕ್ಕೆಯಾಗಿ ಕೂತಾಗ ನೇರಳೆ ಊದಿಕೊಂಡಿರುತ್ತದೆ, ಅರ್ಧಕ್ಕರ್ಧ ಬೆಳಕು ಪೆಟ್ಟಿಗೆಯ ಸಣ್ಣ ಸೀಳಾದ ಸ್ಲಿಟ್‌ನ ಹೊರಗೇ ಉಳಿಯುತ್ತದೆ.

ಸ್ಲಿಟ್ 20 ಮೈಕ್ರಾನ್, ಗಾಜಿನ ಮೇಲೆ ಕ್ರೋಮ್ ಲೇಪದ್ದು, ಕ್ರೋಮ್ ಬದಿ ದೂರದರ್ಶಕದ ಕಡೆಗೆ. ಕೊಲಿಮೇಟರ್ (ಬೆಳಕನ್ನು ಸಮಾಂತರಗೊಳಿಸುವ ಮಸೂರ) 80 ಮಿಮೀ ನಾಭಿದೂರದ, 25 ಮಿಮೀ ವ್ಯಾಸದ ಅಕ್ರೋಮ್ಯಾಟ್. ಬೆಳಕನ್ನು ಬಣ್ಣಗಳಾಗಿ ಒಡೆಯುವ ಗ್ರೇಟಿಂಗ್ ಮಿಮೀಗೆ 2400 ಗೆರೆಯ ಹೊಲೊಗ್ರಾಫಿಕ್, 25 ಮಿಮೀ ಚೌಕ. ಕ್ಯಾಮೆರಾ ಮಸೂರ 125 ಮಿಮೀ ನಾಭಿದೂರ, 30 ಮಿಮೀ ವ್ಯಾಸ. ಕ್ಯಾಮೆರಾ ಐಎಂಎಕ್ಸ್183 ಸೆನ್ಸರಿನ ಮೊನೊ, ತಂಪುಗೊಳಿಸುವಂಥದ್ದು (2.4 ಮೈಕ್ರಾನ್ ಪಿಕ್ಸೆಲ್, 13.2 ಮಿಮೀ ಅಗಲ). ಜೊತೆಗೆ ಗೈಡಿಂಗ್‌ಗೆ (ನಕ್ಷತ್ರವನ್ನು ಸ್ಲಿಟ್ ಮೇಲೇ ಹಿಡಿದಿಡಲು) ಒಂದು ಸಣ್ಣ ಕ್ಯಾಮೆರಾ, ತರಂಗಾಂತರ ಗುರುತಿಸಲು ಆರ್ಗಾನ್ ದೀಪ, ಜಾನ್ಸನ್ ಬಿ ಎಂಬ ನೀಲಿ ಫಿಲ್ಟರ್. ಪೆಟ್ಟಿಗೆ ಕಪ್ಪು ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ. ಪಿಎಲ್‌ಎ ಬೇಡ, ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ.

ಕೊಲಿಮೇಟರ್ ಮತ್ತು ಕ್ಯಾಮೆರಾ ಅಕ್ಷಗಳ ನಡುವೆ 34 ಡಿಗ್ರಿ. 3950 ಆಂಗ್‌ಸ್ಟ್ರಾಂ ನಡುವೆ ಕೂರಬೇಕಾದರೆ ಗ್ರೇಟಿಂಗಿಗೆ ಬೆಳಕು 46.7 ಡಿಗ್ರಿಯಲ್ಲಿ ಬಿದ್ದು 12.7 ಡಿಗ್ರಿಯಲ್ಲಿ ಹೊರಡಬೇಕು. ಆಗ ಸೆನ್ಸರ್ ಮೇಲೆ ಮಿಮೀಗೆ 32.5 ಆಂಗ್‌ಸ್ಟ್ರಾಂ, ಪಿಕ್ಸೆಲಿಗೆ 0.078. ಒಟ್ಟು 429 ಆಂಗ್‌ಸ್ಟ್ರಾಂ, ಅಂದರೆ ಹೆಚ್ಚುಕಡಿಮೆ 3735ರಿಂದ 4165ರವರೆಗೆ ಒಂದೇ ಚಿತ್ರದಲ್ಲಿ. ಸ್ಲಿಟ್‌ನ ಬಿಂಬ ಸೆನ್ಸರ್ ಮೇಲೆ 22 ಮೈಕ್ರಾನ್ ಅಗಲ, 0.71 ಆಂಗ್‌ಸ್ಟ್ರಾಂ, ರೆಸಲ್ಯೂಶನ್ (ತರಂಗಾಂತರ ÷ ಈ ಅಗಲ) ಸುಮಾರು 5500. 2×2 ಬಿನ್ನಿಂಗ್ (ನಾಲ್ಕು ಪಿಕ್ಸೆಲ್ ಕೂಡಿಸಿ ಒಂದಾಗಿಸುವುದು) ಮಾಡಿದರೂ ಬಿಂಬಕ್ಕೆ ನಾಲ್ಕೂವರೆ ಪಿಕ್ಸೆಲ್ ಸಿಗುತ್ತದೆ, ಮಾಡಿಬಿಡಿ.

ಎಫ್/5 ಬೆಳಕು 80 ಮಿಮೀ ಕೊಲಿಮೇಟರಿನಿಂದ 16 ಮಿಮೀ ದಪ್ಪದ ಸಮಾಂತರ ಕಂತೆಯಾಗಿ ಬರುತ್ತದೆ. ಓರೆಯಾದ ಗ್ರೇಟಿಂಗ್ ಮೇಲೆ ಅದು 23 ಮಿಮೀ ಹರಡುತ್ತದೆ, 25ರೊಳಗೆ ಹಿಡಿಸಿತು. ಇದೇ ಪೆಟ್ಟಿಗೆಯಲ್ಲಿ ಗ್ರೇಟಿಂಗ್ ತಿರುಗಿಸಿ ಎಚ್-ಆಲ್ಫಾ (ಹೈಡ್ರೋಜನ್‌ನ ಕೆಂಪು ರೇಖೆ) ಕೂಡ ನೋಡೋಣ ಎಂದು ಹೊರಟರೆ ಬೀಳುವ ಕೋನ 72 ಡಿಗ್ರಿಗೆ ಏರಿ ಹರಡು 53 ಮಿಮೀ ಆಗುತ್ತದೆ. ಅರ್ಧಕ್ಕೆ ಹತ್ತಿರದಷ್ಟು ಬೆಳಕು ಗ್ರೇಟಿಂಗ್ ಪಕ್ಕಕ್ಕೆ ಬಿದ್ದು ಹೋಗುತ್ತದೆ. ಎಚ್-ಆಲ್ಫಾ ಬೇಕೆಂದರೆ 1200 ಗೆರೆಯ ಇನ್ನೊಂದು ಗ್ರೇಟಿಂಗ್ ಇಟ್ಟುಕೊಳ್ಳಿ. ಒಂದೇ ಕಲ್ಲಿಗೆ ಎರಡು ಹಕ್ಕಿ ಇಲ್ಲಿ ಬೀಳುವುದಿಲ್ಲ.

ಸ್ಲಿಟ್ ಅಳೆಯುವುದು

ಮಾರಿದವರು 20 ಎಂದರೆ 20 ಇರುತ್ತದೆಂದು ನಂಬಬೇಡಿ. ಹಸಿರು ಲೇಸರ್ ಪಾಯಿಂಟರನ್ನು (532 ನ್ಯಾನೊಮೀಟರ್) ಸ್ಲಿಟ್ ಮೂಲಕ 2 ಮೀಟರ್ ದೂರದ ಗೋಡೆಗೆ ಹಾಯಿಸಿ. ನಡುವಿನ ಹೊಳೆಯುವ ಪಟ್ಟಿಯ ಎರಡೂ ಬದಿಗೆ ಕತ್ತಲ ಗೆರೆಗಳು ಕಾಣುತ್ತವೆ. ಮೊದಲ ಎರಡು ಕತ್ತಲ ಗೆರೆಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಿರಿ. 106 ಮಿಮೀ ಬಂದರೆ ಸ್ಲಿಟ್ ಸರಿಯಾಗಿ 20 ಮೈಕ್ರಾನ್. 213 ಬಂದರೆ 10 ಮೈಕ್ರಾನ್. ಲೇಸರನ್ನು ಸ್ಲಿಟ್‌ನ ಉದ್ದಕ್ಕೂ ಮೇಲಿಂದ ಕೆಳಕ್ಕೆ ಸರಿಸುತ್ತ ನೋಡಿ: ಅಂತರ ಬದಲಾಗುತ್ತ ಹೋದರೆ ಎರಡು ಅಂಚುಗಳು ಸಮಾಂತರವಿಲ್ಲ.

ಎರಡು ಶೇವಿಂಗ್ ಬ್ಲೇಡ್ ಜೋಡಿಸಿ ಸ್ಲಿಟ್ ಮಾಡುವ ಹಳೆಯ ಉಪಾಯ ಸೂರ್ಯನ ಬೆಳಕಿಗೆ ಸಾಕು. ನಕ್ಷತ್ರಕ್ಕೆ ಸಾಲದು. ಬ್ಲೇಡಿನ ಅಂಚು ಎರಡೂ ಕಡೆ ಇಳಿಜಾರಾಗಿರುವುದರಿಂದ ಸ್ಲಿಟ್ ಪಕ್ಕದ ಪ್ರತಿಫಲನ ಎಲ್ಲೆಲ್ಲಿಗೋ ಹೋಗುತ್ತದೆ, ನಕ್ಷತ್ರ ಸ್ಲಿಟ್‌ಗೆ ಇಳಿಯುವ ಗಳಿಗೆಯಲ್ಲೇ ಗೈಡ್ ಕ್ಯಾಮೆರಾದಿಂದ ಮಾಯವಾಗುತ್ತದೆ. ಕ್ರೋಮ್ ಸ್ಲಿಟ್ ಕನ್ನಡಿಯಂತಿರುತ್ತದೆ, ಸ್ಲಿಟ್ ಪಕ್ಕದ ಬೆಳಕನ್ನು ಗೈಡ್ ಕ್ಯಾಮೆರಾಗೆ ತಿರುಗಿಸುತ್ತದೆ. ಅದನ್ನು ಸ್ಲಿಟ್‌ನ ಉದ್ದದ ಅಕ್ಷದ ಸುತ್ತಲೇ ಓರೆ ಮಾಡಿ ಕೂರಿಸಿದರೆ ಇಡೀ ಸ್ಲಿಟ್ ಫೋಕಸಿನಲ್ಲೇ ಉಳಿಯುತ್ತದೆ.

ಫೋಕಸ್

ಅಕ್ರೋಮ್ಯಾಟ್‌ಗಳು ಕೆಂಪು ಮತ್ತು ನೀಲಿಯನ್ನು ಒಂದೆಡೆ ತರುವಂತೆ ಮಾಡಿದವು. 3950ರಲ್ಲಿ ಅವುಗಳ ನಾಭಿದೂರ ತುಸು ಉದ್ದವಾಗುತ್ತದೆ. ಆದ್ದರಿಂದ ಕೊಲಿಮೇಟರಿಗೂ ಹಿಂದೆ ಮುಂದೆ ಸರಿಯುವ ಥ್ರೆಡ್ ಇರಬೇಕು. ಗಟ್ಟಿಯಾಗಿ ಅಂಟಿಸಿದರೆ ಮುಂದೆ ಒಡೆಯಬೇಕಾಗುತ್ತದೆ.

ಹಗಲಲ್ಲಿ ಸ್ಲಿಟ್‌ನ್ನು ನೀಲಿ ಆಕಾಶದ ಕಡೆಗೆ ತಿರುಗಿಸಿ. ಸೂರ್ಯನತ್ತ ನೇರವಾಗಿ ಅಲ್ಲ, ದೂರದರ್ಶಕಕ್ಕೆ ಜೋಡಿಸದೆ. ಪರದೆಯ ಮೇಲೆ ಎರಡು ಜಾತಿಯ ಗೆರೆಗಳು ಕಾಣುತ್ತವೆ. ಲಂಬವಾಗಿರುವವು ಸೂರ್ಯನ ಹೀರಿಕೆ ರೇಖೆಗಳು. ಅಡ್ಡಡ್ಡ ಇರುವವು ಸ್ಲಿಟ್‌ಗೆ ಅಂಟಿದ ಧೂಳಿನ ನೆರಳು. ಧೂಳು ಇಲ್ಲಿ ಉಪಕಾರಿ: ಕ್ಯಾಮೆರಾ ಫೋಕಸ್ ತಿರುಗಿಸುವಾಗ ಲಂಬ ಗೆರೆಯೂ ಅಡ್ಡ ಗೆರೆಯೂ ಒಂದೇ ಜಾಗದಲ್ಲಿ ಚೂಪಾದರೆ ಕೊಲಿಮೇಟರ್ ಸರಿಯಾಗಿದೆ. ಒಂದು ಮೊದಲು, ಇನ್ನೊಂದು ಆಮೇಲೆ ಚೂಪಾದರೆ ಗ್ರೇಟಿಂಗ್ ಮೇಲೆ ಬೀಳುವ ಬೆಳಕು ಸಮಾಂತರವಿಲ್ಲ. ಕೊಲಿಮೇಟರನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ. ಲಂಬ ಗೆರೆಗಳು ವಾಲಿಕೊಂಡಿದ್ದರೆ ಸ್ಲಿಟ್ ಮತ್ತು ಗ್ರೇಟಿಂಗ್ ಗೆರೆಗಳು ಸಮಾಂತರವಿಲ್ಲ. ಸ್ಲಿಟ್ ಹಿಡಿಕೆಯನ್ನು ತಿರುಗಿಸಿ ಸರಿಪಡಿಸಿ. ಗ್ರೇಟಿಂಗಿನ ಮುಖಕ್ಕೆ ಬೆರಳು, ಬಟ್ಟೆ, ದ್ರವ ಯಾವುದೂ ತಾಗಬಾರದು. ಗಾಳಿ ಊದುವ ರಬ್ಬರ್ ಉಂಡೆ ಮಾತ್ರ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ಮಸೂರಕ್ಕೆ ಬೂಸ್ಟು ಬರುತ್ತದೆ.

ಪಿಇಟಿಜಿ ಪೆಟ್ಟಿಗೆಯ 125 ಮಿಮೀ ಉದ್ದ ಒಂದು ಡಿಗ್ರಿಗೆ ಸುಮಾರು 7–8 ಮೈಕ್ರಾನ್ ಬದಲಾಗುತ್ತದೆ. ರಾತ್ರಿ 5 ಡಿಗ್ರಿ ಇಳಿದರೆ 40 ಮೈಕ್ರಾನ್. ಈ ಬೆಳಕಿನ ಕಂತೆಗೆ ಅದರಿಂದಾಗುವ ಮಸುಕು 7 ಮೈಕ್ರಾನ್ ಆಸುಪಾಸು. 22 ಮೈಕ್ರಾನ್ ಬಿಂಬದ ಮುಂದೆ ತಲೆಕೆಡಿಸಿಕೊಳ್ಳುವಂಥದ್ದಲ್ಲ. ಅಲ್ಯೂಮಿನಿಯಂ ಪೆಟ್ಟಿಗೆಗೆ ಲೇತ್ ಹುಡುಕಿಕೊಂಡು ಹೋಗಬೇಕಿಲ್ಲ.

ರೇಖೆಯೇ ಕಾಣದಿದ್ದರೆ

ಎಲ್ಲ ಜೋಡಿಸಿ ಆಕಾಶಕ್ಕೆ ಹಿಡಿದಾಗ 4050ರ ಸುತ್ತ ಕಬ್ಬಿಣದ ರೇಖೆಗಳು ಚೆನ್ನಾಗಿ ಕಾಣುತ್ತವೆ, 4000ದಿಂದ ಕೆಳಗೆ ಕತ್ತಲು. ಗ್ರೇಟಿಂಗ್ ಕೋನ ಎಷ್ಟು ತಿರುಗಿಸಿದರೂ ಅದೇ. ಕಾರಣ ಬಹುತೇಕ ಒಂದೇ: ಕ್ಯಾಮೆರಾದ ಮುಂದಿನ ಗಾಜು ಯುವಿ-ಐಆರ್ ಕಟ್ ಫಿಲ್ಟರ್ ಆಗಿದೆ. ಅದು 4000ದ ಆಸುಪಾಸಿನಲ್ಲೇ ಬಾಗಿಲು ಹಾಕುತ್ತದೆ. ಎಚ್, ಕೆ ಎರಡೂ ಬಾಗಿಲಾಚೆ. ಸಾದಾ ಎಆರ್ (ಪ್ರತಿಫಲನ ತಡೆಯುವ) ಲೇಪದ ಗಾಜಿನ ಕಿಟಕಿ ಇರುವ ಕ್ಯಾಮೆರಾವನ್ನೇ ಆರಿಸಿ. ಚಿತ್ರ ತೆಗೆಯಲೆಂದು ಮಾರುವ ನೀಲಿ ಫಿಲ್ಟರ್‌ಗಳಲ್ಲೂ ಹಲವು ಅಲ್ಲೇ ಕತ್ತರಿಸುತ್ತವೆ, ಅದಕ್ಕೇ ಮೇಲೆ ಜಾನ್ಸನ್ ಬಿ ಎಂದದ್ದು. ಪರೀಕ್ಷೆಗೆ ನೋಟು ನೋಡುವ 395 ನ್ಯಾನೊಮೀಟರ್ ಯುವಿ ಟಾರ್ಚ್ ಸಾಕು: ಫಿಲ್ಟರ್ ಅಡ್ಡ ಹಿಡಿದಾಗ ಸೆನ್ಸರ್ ಮೇಲಿನ ಬೆಳಕು ಸತ್ತರೆ ಫಿಲ್ಟರ್ ತಪ್ಪು. ಟಾರ್ಚನ್ನು ಕಣ್ಣಿಗೆ ಹಾಯಿಸಬೇಡಿ.

ಫ್ಲಾಟ್ (ಸೆನ್ಸರಿನ ಏರುಪೇರು ತಿದ್ದಲು ಸಮನಾದ ಬೆಳಕಿನ ಚಿತ್ರ) ತೆಗೆಯಲೂ ಇದೇ ಟಾರ್ಚು. ಮನೆಯ ಬಿಳಿ ಎಲ್‌ಇಡಿಯಲ್ಲಿ ಈ ಜಾಗದಲ್ಲಿ ಬೆಳಕೇ ಇಲ್ಲ. ಅದರಿಂದ ತೆಗೆದ ಫ್ಲಾಟ್‌ನಿಂದ ಭಾಗಿಸಿದರೆ ಬರೀ ಗದ್ದಲವನ್ನು ನಕ್ಷತ್ರಕ್ಕೆ ಮೆತ್ತಿದಂತೆ. ಹ್ಯಾಲೊಜನ್ ಬಲ್ಬು ಆಗುತ್ತದೆ, ಆದರೆ ಎಕ್ಸ್‌ಪೋಶರ್ ಬಹಳ ಉದ್ದ ಬೇಕು.

ಸೋರಿಕೆ

ಗ್ರೇಟಿಂಗ್ ಒಡೆದ ಬೆಳಕು ಕ್ಯಾಮೆರಾಗೆ ಮಾತ್ರ ಹೋಗುವುದಿಲ್ಲ. ಈ ಜೋಡಣೆಯಲ್ಲಿ 5500 ಆಂಗ್‌ಸ್ಟ್ರಾಂನ ಹಸಿರು 36 ಡಿಗ್ರಿಯಲ್ಲಿ, ಎಚ್-ಆಲ್ಫಾದ ಕೆಂಪು 58 ಡಿಗ್ರಿಯಲ್ಲಿ ಪೆಟ್ಟಿಗೆಯ ಗೋಡೆಗೆ ಬಡಿಯುತ್ತದೆ. ಒಡೆಯದ ಬಿಳಿ ಬೆಳಕು ಎದುರು ಬದಿಯ ಗೋಡೆಗೆ. ಇದಕ್ಕಿಂತ ಕಿತಾಪತಿ ಇನ್ನೊಂದಿದೆ: 6065 ಆಂಗ್‌ಸ್ಟ್ರಾಂ ಸುತ್ತಲಿನ ಕಿತ್ತಳೆ ಬೆಳಕು ಬಂದ ದಾರಿಯಲ್ಲೇ ಹಿಂದಿರುಗಿ, ಕೊಲಿಮೇಟರ್ ದಾಟಿ ಸ್ಲಿಟ್‌ನ ಹಿಂಬದಿಗೆ ಹೋಗುತ್ತದೆ. ಅಲ್ಲಿನ ಕ್ರೋಮ್ ಅದನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಎರಡನೇ ಸಲ ಗ್ರೇಟಿಂಗಿಗೆ ಬಡಿದು ಚೆದುರಿದ ಬೆಳಕು ಮಸುಕಾಗಿ ಸೆನ್ಸರಿಗೆಲ್ಲ ಹರಡುತ್ತದೆ. ಕೆ ವರ್ಗದ (ಸೂರ್ಯನಿಗಿಂತ ತಂಪಾದ, ಕಿತ್ತಳೆ ಬಣ್ಣದ) ನಕ್ಷತ್ರ ಕೆಂಪಿನಲ್ಲಿ ನೇರಳೆಗಿಂತ ಹಲವು ಪಟ್ಟು ಉಜ್ವಲ, ಹಾಗಾಗಿ ಚೆದುರಿದ್ದು ಸ್ವಲ್ಪವೇ ಆದರೂ ಕಂದಕದ ತಳಕ್ಕೆ ಅದೇ ದೊಡ್ಡದು.

ಲೆಕ್ಕ ನೋಡಿ. ಸುಮ್ಮನಿರುವ ನಕ್ಷತ್ರದಲ್ಲಿ ಕಂದಕದ ತಳ ಸುತ್ತಲಿನ ಬೆಳಕಿನ ಶೇ 10 ಎಂದಿಟ್ಟುಕೊಳ್ಳಿ. ಎಲ್ಲೆಡೆ ಶೇ 5 ಸೋರಿಕೆ ಸೇರಿದರೆ 0.10 ಎಂಬ ಅನುಪಾತ 0.15 ÷ 1.05, ಅಂದರೆ 0.143 ಆಗುತ್ತದೆ. ಶೇ 43 ಏರಿಕೆ. ತಳ ಶೇ 30ರಷ್ಟು ತುಂಬಿದ ಚುರುಕು ನಕ್ಷತ್ರದಲ್ಲಿ ಅದೇ ಸೋರಿಕೆಯಿಂದ ಏರುವುದು ಶೇ 11 ಮಾತ್ರ. ಸುಮ್ಮನಿರುವವೇ ಹೆಚ್ಚು ಮೇಲೆ ಬಂದು ಚುರುಕಿನವುಗಳ ಪಕ್ಕ ನಿಲ್ಲುತ್ತವೆ, ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಸೋರಿಕೆ ಇದೆಯೇ ಎಂದು ತಿಳಿಯಲು ಕೆಂಪು ಗಾಜಿನ ಫಿಲ್ಟರ್ ಒಂದನ್ನು ಸ್ಲಿಟ್‌ಗೆ ಮುಂಚೆ ಇಟ್ಟು ಆಕಾಶದ ರೋಹಿತ ತೆಗೆಯಿರಿ. ನೇರಳೆ ಒಳಗೆ ಬರುವ ದಾರಿಯೇ ಇಲ್ಲ. ಆದರೂ 3950ರ ಜಾಗದಲ್ಲಿ ಡಾರ್ಕ್ (ಬೆಳಕು ಮುಚ್ಚಿ ತೆಗೆದ ಚಿತ್ರ) ಕಳೆದ ಮೇಲೂ ಏನಾದರೂ ಉಳಿದರೆ, ಅದಷ್ಟೂ ಸೋರಿಕೆ. ಗೋಡೆಗಳಿಗೆ ಕಪ್ಪು ಮಖಮಲ್ ಕಾಗದ ಅಂಟಿಸಿ, ಕೊಲಿಮೇಟರಿನ ಎದುರು 17 ಮಿಮೀ ತೂತಿನ ಕಪ್ಪು ತಡೆ ಹಾಕಿ. ಪ್ರಿಂಟ್ ಮಾಡಿದ ಕಪ್ಪು ಪ್ಲಾಸ್ಟಿಕ್ ಓರೆ ಬೆಳಕಿಗೆ ಚೆನ್ನಾಗಿಯೇ ಹೊಳೆಯುತ್ತದೆ, ಬಣ್ಣ ನೋಡಿ ಮೋಸಹೋಗಬೇಡಿ. ನಿಜವಾದ ಮದ್ದು ಜಾನ್ಸನ್ ಬಿ ಫಿಲ್ಟರ್, ಸ್ಲಿಟ್‌ಗಿಂತ ಮುಂಚೆ. ಕೆಂಪು, ಕಿತ್ತಳೆ ಬಾಗಿಲಲ್ಲೇ ನಿಲ್ಲುತ್ತವೆ.

ಇದರಿಂದ ಇನ್ನೊಂದು ಲಾಭ. ವಾಯುಮಂಡಲ ನಕ್ಷತ್ರದ ಬಣ್ಣಗಳನ್ನು ಮೇಲೆ ಕೆಳಗೆ ಸರಿಸುತ್ತದೆ: 45 ಡಿಗ್ರಿ ಎತ್ತರದಲ್ಲಿ 3950ರ ನೇರಳೆಗೂ 5500ರ ಹಸಿರಿಗೂ ಸುಮಾರು 1 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು), 30 ಡಿಗ್ರಿಗೆ ಇಳಿದರೆ ಹೆಚ್ಚುಕಡಿಮೆ 2. ಗೈಡ್ ಕ್ಯಾಮೆರಾ ಹಸಿರನ್ನು ಸ್ಲಿಟ್ ಮೇಲೆ ಕೂರಿಸುತ್ತಿದ್ದರೆ ನೇರಳೆ ಪಕ್ಕಕ್ಕೆ ಜಾರುತ್ತದೆ. ಈ ಸ್ಲಿಟ್ ಆಕಾಶದಲ್ಲಿ 4 ಆರ್ಕ್‌ಸೆಕೆಂಡ್ ಅಗಲ ಅಷ್ಟೆ. ಫಿಲ್ಟರ್ ಮುಂದಿದ್ದರೆ ಗೈಡ್ ಕ್ಯಾಮೆರಾಗೂ ನೀಲಿ ನಕ್ಷತ್ರವೇ ಕಾಣುವುದರಿಂದ ಈ ತಪ್ಪು ಅರ್ಧದಷ್ಟಾಗುತ್ತದೆ.

ತರಂಗಾಂತರ

ಆರ್ಗಾನ್ ದೀಪದಲ್ಲಿ ಈ ಹರವಿಗೆ ಸಿಗುವ ಒಳ್ಳೆಯ ರೇಖೆಗಳು 3948.98, 4044.42, 4158.59. ಮೂರೂ ಒಂದೇ ಕಡೆ. 3900ರ ಕೆಳಗೆ ಗಟ್ಟಿಯಾದ ರೇಖೆ ಇಲ್ಲ. ಇವುಗಳಿಂದಲೇ ವಕ್ರರೇಖೆ ಹೊಂದಿಸಿದರೆ ನೇರಳೆಯ ತುದಿ ಎಲ್ಲಿಗೋ ಹಾರುತ್ತದೆ. ಹಗಲಿನ ಆಕಾಶದ ರೋಹಿತ ಇಲ್ಲಿ ಆಸರೆ: ಸಿಲಿಕಾನ್ 3905.52, ಅಲ್ಯೂಮಿನಿಯಂ 3944.01 ಮತ್ತು 3961.52 (ಎಚ್ ಮತ್ತು ಕೆ ನಡುವೆಯೇ ಕೂತಿರುವ ಜೋಡಿ), ಕಬ್ಬಿಣ 4045.81, 4063.59, 4071.74. ಇವುಗಳಿಂದ ಮೂರನೇ ಘಾತದ ವಕ್ರದ ಆಕಾರ ಹೊಂದಿಸಿಕೊಂಡು ಹಾಗೇ ಇಟ್ಟುಬಿಡಿ. ರಾತ್ರಿ ಪ್ರತಿ ನಕ್ಷತ್ರಕ್ಕೂ ಮೊದಲು ಮತ್ತು ಕೊನೆಗೆ ಆರ್ಗಾನ್ ಚಿತ್ರ ತೆಗೆದು, 3948.98 ಎಷ್ಟು ಸರಿದಿದೆಯೋ ಅಷ್ಟು ಇಡೀ ವಕ್ರವನ್ನು ಜರುಗಿಸಿ.

ರಾತ್ರಿಯ ಕೆಲಸ

3.7 ಕಾಂತಿಮಾನದ ಎಪ್ಸಿಲಾನ್ ಎರಿಡಾನಿ ಎಂಬ ಚುರುಕು ನಕ್ಷತ್ರಕ್ಕೆ 300 ಸೆಕೆಂಡಿನ 12 ಚಿತ್ರಗಳು. ಕಂದಕದ ತಳದಲ್ಲಿ ಸಂಕೇತ-ಗದ್ದಲ ಅನುಪಾತ 50ರ ಆಸುಪಾಸು ಬರಬೇಕು. ಬಾರದಿದ್ದರೆ ಮೊದಲು ನೋಡಬೇಕಾದ್ದು ಗೈಡಿಂಗ್. ಸೆನ್ಸರ್ −10 ಡಿಗ್ರಿ. ಐಎಂಎಕ್ಸ್183ರಲ್ಲಿ ಉದ್ದ ಎಕ್ಸ್‌ಪೋಶರಿಗೆ ಅಂಚಿನಿಂದ ಕಿರಣಗಳಂತೆ ಹೊಳಪು ಹರಡುತ್ತದೆ, ಆದ್ದರಿಂದ ಡಾರ್ಕ್‌ಗಳು ಅದೇ ಉಷ್ಣತೆ, ಅದೇ 300 ಸೆಕೆಂಡ್. ಕಡಿಮೆ ಸಮಯದ ಡಾರ್ಕನ್ನು ಹಿಗ್ಗಿಸಿ ಕಳೆಯಬೇಡಿ. ಆ ಹೊಳಪು ಬೀಳದ ಕಡೆಗೆ ರೋಹಿತ ಬರುವಂತೆ ಕ್ಯಾಮೆರಾ ಕೂರಿಸಿ. ಚಿತ್ರಗಳನ್ನು ಸೇರಿಸುವಾಗ ಸರಾಸರಿ ಬೇಡ, ಮೀಡಿಯನ್ ಇರಲಿ. ಕಾಸ್ಮಿಕ್ ಕಿರಣದ ಒಂದು ಚುಕ್ಕೆ ಕೆ ರೇಖೆಯ ತಳದಲ್ಲಿ ಬಿದ್ದರೆ ಹುಡುಕುತ್ತಿರುವ ಗೋಪುರದಂತೆಯೇ ಕಾಣುತ್ತದೆ. ಚಂದ್ರ ಇದ್ದರೆ ರೋಹಿತದ ಮೇಲೆ ಕೆಳಗಿನ ಆಕಾಶವನ್ನು ಕಳೆಯಲು ಮರೆಯಬೇಡಿ.

ಎಣಿಕೆ

ಮೌಂಟ್ ವಿಲ್ಸನ್ ಕ್ರಮದಲ್ಲಿ ಎಚ್ ರೇಖೆಯ ನಟ್ಟನಡುವೆ ಒಂದು, ಕೆ ರೇಖೆಯ ನಟ್ಟನಡುವೆ ಒಂದು ತ್ರಿಕೋನ ತೂಕ, ಅರ್ಧ ಎತ್ತರದಲ್ಲಿ ಅಗಲ 1.09 ಆಂಗ್‌ಸ್ಟ್ರಾಂ. ಹೋಲಿಕೆಗೆ 3901.07 ಮತ್ತು 4001.07ರ ಮೇಲೆ 20 ಆಂಗ್‌ಸ್ಟ್ರಾಂ ಅಗಲದ ಎರಡು ಪಟ್ಟಿ. ನಾಲ್ಕರ ಸರಾಸರಿ ಬೆಳಕು ತೆಗೆದುಕೊಂಡರೆ ಚುರುಕಿನ ಸೂಚಿ ಎಸ್ ಹೀಗೆ:

ಎಸ್ = 1.05 × (ಎಚ್ + ಕೆ) ÷ (ಎಡಪಟ್ಟಿ + ಬಲಪಟ್ಟಿ)

ಹೋಲಿಕೆ ಪಟ್ಟಿಗಳು ಎರಡೂ ಕಡೆ ಇರುವುದು ಸುಮ್ಮನೆ ಅಲ್ಲ. ಉಪಕರಣದ ಸ್ಪಂದನ ಒಂದು ಕಡೆ ವಾಲಿದ್ದರೆ ಒಂದು ಪಟ್ಟಿ ಏರಿದಷ್ಟು ಇನ್ನೊಂದು ಇಳಿಯುತ್ತದೆ. ಹಾಗಾಗಿ ಇಲ್ಲಿ ಎ ವರ್ಗದ (ಬಿಸಿ, ಬಿಳಿ) ನಕ್ಷತ್ರ ಹಿಡಿದು ಸ್ಪಂದನ ತಿದ್ದುವ ಗೋಜಿಗೆ ಹೋಗದಿರುವುದೇ ಮೇಲು. ಅವುಗಳ ಹೈಡ್ರೋಜನ್ ರೇಖೆಗಳು 3889 ಮತ್ತು 3970ರಲ್ಲಿ, ಸರಿಯಾಗಿ ಕೆಲಸದ ಜಾಗದಲ್ಲೇ ಕೂತಿವೆ.

ತ್ರಿಕೋನ ಇಡುವ ಮುನ್ನ ನಕ್ಷತ್ರದ ವೇಗ ಕಳೆಯಬೇಕು. ಇಲ್ಲಿ ಸೆಕೆಂಡಿಗೆ 1 ಕಿಮೀ ಎಂದರೆ 0.013 ಆಂಗ್‌ಸ್ಟ್ರಾಂ. ಭೂಮಿಯ ಓಟ ಒಂದರಿಂದಲೇ 0.39ರವರೆಗೆ ಸರಿಯಬಹುದು. 61 ಸಿಗ್ನಿ ನಮ್ಮತ್ತ ಸೆಕೆಂಡಿಗೆ 65 ಕಿಮೀ ವೇಗದಲ್ಲಿ ಬರುತ್ತಿದೆ, ಅದು 0.86 ಆಂಗ್‌ಸ್ಟ್ರಾಂ, ಸರಿಪಡಿಸದಿದ್ದರೆ ಗೋಪುರ ಒಂದು ಕಡೆ, ತ್ರಿಕೋನ ಇನ್ನೊಂದು ಕಡೆ. ಅಲ್ಯೂಮಿನಿಯಂ ಜೋಡಿಯನ್ನು ಹಗಲಿನ ರೋಹಿತದ ಮೇಲಿಟ್ಟು ಹೊಂದಿಸಿದರೆ ಎರಡೂ ಸರಿತ ಒಟ್ಟಿಗೆ ಕಳೆಯುತ್ತದೆ.

5500ರ ರೆಸಲ್ಯೂಶನ್ ಗೋಪುರವನ್ನು ಸ್ವಲ್ಪ ಹರಡುವುದರಿಂದ ಬಂದ ಅಂಕಿ ನೇರವಾಗಿ ಮೌಂಟ್ ವಿಲ್ಸನ್ ಅಳತೆಗೆ ಕೂರದು. ಎಸ್ ಮೌಲ್ಯ ಗೊತ್ತಿರುವ ನಕ್ಷತ್ರಗಳಿಂದ ಒಂದು ಸರಳರೇಖೆ ಎಳೆದುಕೊಳ್ಳಿ: ಸೂರ್ಯ (ನೀಲಿ ಆಕಾಶ) 0.16ರಿಂದ 0.18, ಟೌ ಸೆಟಿ 0.17, ಕಪ್ಪಾ-1 ಸೆಟಿ 0.36ರ ಆಸುಪಾಸು, ಎಪ್ಸಿಲಾನ್ ಎರಿಡಾನಿ 0.5, 61 ಸಿಗ್ನಿಯ ಎ 0.65ರ ಸುತ್ತ. ಚುರುಕಿನವು ತಾವೇ ಏರಿಳಿಯುವುದರಿಂದ ರೇಖೆಯ ಕೆಳತುದಿಗೆ ಟೌ ಸೆಟಿಯನ್ನು ಪ್ರತಿ ರಾತ್ರಿ ಹಿಡಿಯಿರಿ.

ಬೇರೆ ಬೇರೆ ಬಣ್ಣದ ನಕ್ಷತ್ರಗಳನ್ನು ಹೋಲಿಸಲು ಎಸ್ ಸಾಲದು, ಏಕೆಂದರೆ ಕೆಂಪು ನಕ್ಷತ್ರಗಳಲ್ಲಿ ಹೋಲಿಕೆ ಪಟ್ಟಿಯೇ ಮಂಕು. ನಾಯ್ಸ್ ಮತ್ತು ಸಂಗಡಿಗರು 1984ರಲ್ಲಿ ಕೊಟ್ಟ ತಿದ್ದುಪಡಿ ಹೀಗೆ. ಬ ಎಂದರೆ ಬಿ−ವಿ ಬಣ್ಣಸೂಚಿ (ನಕ್ಷತ್ರ ಕೆಂಪಾದಷ್ಟೂ ದೊಡ್ಡದು), ಚ ಎಂದರೆ ಬಣ್ಣದ ತಿದ್ದುಪಡಿ, ದ್ಯುತಿ ಎಂದರೆ ದ್ಯುತಿಗೋಳದ (ಹೊಳೆಯುವ ಮೇಲ್ಮೈಯ) ಪಾಲು:

ಲಾಗ್ ಚ = 1.13ಬ³ − 3.91ಬ² + 2.84ಬ − 0.47
ಒಟ್ಟು = 1.34×10⁻⁴ × ಚ × ಎಸ್
ಲಾಗ್ ದ್ಯುತಿ = −4.898 + 1.918ಬ² − 2.893ಬ³

ಒಟ್ಟಿನಿಂದ ದ್ಯುತಿಗೋಳದ ಪಾಲು ಕಳೆದು ಲಾಗ್ ತೆಗೆದದ್ದು ವರ್ಣಗೋಳದ್ದು. ಎಪ್ಸಿಲಾನ್ ಎರಿಡಾನಿಗೆ ಬ 0.88, ಎಸ್ 0.5: ಚ 0.59, ಒಟ್ಟು 3.96×10⁻⁵, ದ್ಯುತಿ 0.41×10⁻⁵, ಉತ್ತರ −4.45. ಸೂರ್ಯನಿಗೆ ಇದೇ ಲೆಕ್ಕ −4.95ರ ಹತ್ತಿರ ಬರುತ್ತದೆ. −4.75ಕ್ಕಿಂತ ಮೇಲಿದ್ದರೆ ಚುರುಕು, −4.2 ದಾಟಿದರೆ ಅತಿ ಚುರುಕು ಎನ್ನುವುದು ರೂಢಿ. ಈ ಸೂತ್ರ ಸೂರ್ಯನ ಜಾತಿಯ ಕುಬ್ಜ ನಕ್ಷತ್ರಗಳಿಗೆ. ದೈತ್ಯಗಳಿಗೆ ಹಾಕಿ ಅಂಕಿ ಬಂತೆಂದು ಖುಷಿಪಡಬೇಡಿ. ದೈತ್ಯಗಳಲ್ಲಿ ಸುಮ್ಮನಿರುವವಕ್ಕೂ ಸಣ್ಣ ಗೋಪುರ ಇರುತ್ತದೆ, ಸ್ವಾತಿ ಅದಕ್ಕೆ ಉದಾಹರಣೆ.

ಯಾವಾಗ ಯಾವುದು

ಕರ್ನಾಟಕದ ದಕ್ಷಿಣದ ಅಕ್ಷಾಂಶ ಈ ಕೆಲಸಕ್ಕೆ ವರ. ನೇರಳೆಯನ್ನು ವಾಯುಮಂಡಲ ಹೆಚ್ಚು ನುಂಗುತ್ತದೆ, ಆದರೆ ಇಲ್ಲಿ ಮುಖ್ಯ ಗುರಿಗಳೆಲ್ಲ ಸಾಕಷ್ಟು ಎತ್ತರದಲ್ಲೇ ಹಾಯುತ್ತವೆ. ಮಳೆ ಬಿಟ್ಟ ಅಕ್ಟೋಬರಿನಲ್ಲಿ ಸಂಜೆಯಾದ ಕೂಡಲೇ 61 ಸಿಗ್ನಿ. ನವೆಂಬರಿನಿಂದ ಜನವರಿವರೆಗೆ ಟೌ ಸೆಟಿ, ಕಪ್ಪಾ-1 ಸೆಟಿ, ಎಪ್ಸಿಲಾನ್ ಎರಿಡಾನಿ. ಜನವರಿಯಿಂದ ಮಾರ್ಚ್‌ವರೆಗೆ ಮಿಥುನ ರಾಶಿಯ ಸಿಗ್ಮಾ, 19.6 ದಿನಕ್ಕೊಮ್ಮೆ ಜೊತೆಗಾರನನ್ನು ಸುತ್ತುವ ದೈತ್ಯ ಅದು.

ಮೊದಲ ಬಾರಿಗೆ ಗೋಪುರ ನೋಡಬೇಕೆನ್ನುವವರು ಎಚ್‌ಆರ್ 1099 ಹಿಡಿಯಲಿ. ವೃಷಭ ರಾಶಿಯಲ್ಲಿ ಸರಿಸುಮಾರು ಖಗೋಳ ಮಧ್ಯರೇಖೆಯ ಮೇಲೆ, 5.7ರ ಸುತ್ತಿನ ಕಾಂತಿಮಾನ. ಎರಡು ನಕ್ಷತ್ರಗಳು 2.84 ದಿನಕ್ಕೊಂದು ಸುತ್ತು ಹಾಕುವ ಬಿಗಿ ಜೋಡಿ. ವೇಗವಾಗಿ ತಿರುಗುವ ಕೆ ವರ್ಗದ ನಕ್ಷತ್ರದ ವರ್ಣಗೋಳ ಕುದಿಯುತ್ತಿರುತ್ತದೆ. ಕೆ ರೇಖೆಯ ಗೋಪುರ ಕಂದಕದೊಳಗೆ ಅಡಗದೆ ಸುತ್ತಲಿನ ಮಟ್ಟವನ್ನೂ ಮೀರಿ ಏಳುವುದರಿಂದ ಸಂಸ್ಕರಿಸದ ಚಿತ್ರದಲ್ಲೇ, ಕಪ್ಪು ಪಟ್ಟಿಯ ನಡುವೆ ಬಿಳಿ ಗಂಟಿನಂತೆ ಕಾಣುತ್ತದೆ. ಇದಕ್ಕೆ 600 ಸೆಕೆಂಡಿನ ಚಿತ್ರಗಳು ಬೇಕು, ಡಾರ್ಕೂ 600ರದ್ದೇ. ಮಾರನೆಯ ರಾತ್ರಿ ಮತ್ತೆ ತೆಗೆದು ಮೊದಲನೆಯದರ ಮೇಲಿಟ್ಟರೆ ಗಂಟು ಜಾಗ ಬದಲಿಸಿರುತ್ತದೆ. ಕ್ಯಾಮೆರಾ ಅಲುಗಿತೇ ಎಂದು ಸ್ಕ್ರೂ ಬಿಗಿಯುವ ಮೊದಲು ಆರ್ಗಾನ್ ಚಿತ್ರಗಳನ್ನು ಹೋಲಿಸಿ: 3948.98 ಇದ್ದಲ್ಲೇ ಇದ್ದರೆ ಸರಿದದ್ದು ನಕ್ಷತ್ರ.